ಪ್ರಿನ್ಸೆನ್‌ಗ್ರಾಖ್ಟ್ 263ರ ಹಿಂಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಆಫೀಸು ಕಟ್ಟಡದ ಹಿಂಭಾಗದಲ್ಲಿ ಎಂಟು ಯಹೂದಿಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಅಡಗಿದ್ದರು. ಅವರಲ್ಲಿ ಒಬ್ಬಳಾದ ಆನ್ ಫ್ರ್ಯಾಂಕ್ ಎಂಬ ಹುಡುಗಿ ಅಲ್ಲಿ ಕೂತು ಡೈರಿ ಬರೆದಳು. ಆ ಡೈರಿ ಓದಿದವರು, ಓದದೆ ಕೇಳಿ ಬಲ್ಲವರು, ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಸುಲಭದವು ಮೊದಲು, ಗಂಟಿನವು ಕೊನೆಗೆ. ಅಡಗುದಾಣದ ಬಾಗಿಲನ್ನು ಮರೆಮಾಡಿದ್ದ ಪುಸ್ತಕದ ಕಪಾಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಕಕ್ಕಸಿನ ಬಗ್ಗೆ ಕೇಳಲು ಸಂಕೋಚ ಪಡುತ್ತಾರೆ. ಆ ಎಂಟು ಜನರ ದಿನಗಳನ್ನು ಹಿಡಿದು ಆಡಿಸಿದ್ದು ಕಪಾಟಿಗಿಂತ ಹೆಚ್ಚಾಗಿ ನೀರು, ಸದ್ದು, ರೇಷನ್ ಚೀಟಿ. ಆದ್ದರಿಂದ ಅವಕ್ಕೇ ಜಾಗ ಹೆಚ್ಚು ಕೊಟ್ಟಿದ್ದೇವೆ.

ಮೊದಲು ತಿಳಿಯಬೇಕಾದವು

ಅಡಗಿದ್ದವರು ಯಾರ್ಯಾರು? ಪುಸ್ತಕದಲ್ಲಿ ಬೇರೆ ಹೆಸರುಗಳಿವೆಯಲ್ಲ?

ಫ್ರ್ಯಾಂಕ್ ಕುಟುಂಬದ ನಾಲ್ವರು: ತಂದೆ ಒಟ್ಟೊ (53 ವರ್ಷ), ತಾಯಿ ಎಡಿತ್ (42), ಹಿರಿಯ ಮಗಳು ಮಾರ್ಗೊ (16), ಕಿರಿಯವಳು ಆನ್ (13). ಅಡಗಲು ಹೋದಾಗ ಇದ್ದ ವಯಸ್ಸು ಇದು. ಒಂದು ವಾರದ ಮೇಲೆ, 1942ರ ಜುಲೈ 13ರಂದು, ವಾನ್ ಪೆಲ್ಸ್ ಕುಟುಂಬ ಬಂತು: ಹರ್ಮನ್, ಹೆಂಡತಿ ಔಗುಸ್ಟೆ, ಹದಿನೈದರ ಮಗ ಪೀಟರ್. ಎಂಟನೆಯವರು ದಂತವೈದ್ಯ ಫ್ರಿಟ್ಸ್ ಫೆಫರ್. ಅವರು ಬಂದದ್ದು ಅದೇ ವರ್ಷ ನವೆಂಬರ್ 16ಕ್ಕೆ.

ಪುಸ್ತಕದ ‘ವಾನ್ ಡಾನ್’ ಅಂದರೆ ವಾನ್ ಪೆಲ್ಸ್, ‘ಡುಸೆಲ್’ ಅಂದರೆ ಫೆಫರ್. ಈ ಮಾರುಹೆಸರುಗಳನ್ನು ಮೊದಲು ಕಟ್ಟಿದವಳು ಆನ್ ತಾನೇ. ‘ಡುಸೆಲ್’ ಎಂಬುದಕ್ಕೆ ಜರ್ಮನ್ ಭಾಷೆಯಲ್ಲಿ ಪೆದ್ದ ಎಂಬ ಧ್ವನಿಯಿದೆ. ತನ್ನ ಕೋಣೆಯನ್ನು ಹಂಚಿಕೊಳ್ಳಬೇಕಾಗಿ ಬಂದ ಹುಡುಗಿಯ ಸಿಟ್ಟು ಅದು. ಫೆಫರ್ ಅಂಥವರಾಗಿದ್ದರೆಂದು ನಂಬಬೇಕಿಲ್ಲ. ಅಂದ ಹಾಗೆ, ಡಚ್ಚರು ಅವಳನ್ನು ‘ಆನ್ನೆ’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ‘ಆನ್’ ರೂಢಿಯಾಗಿರುವುದರಿಂದ ಇಲ್ಲಿಯೂ ಹಾಗೇ ಬರೆದಿದ್ದೇವೆ.

ಇವರು ಜರ್ಮನ್ನರಲ್ಲವೇ? ಹಾಲೆಂಡಿಗೆ ಯಾಕೆ ಬಂದರು, ಅಲ್ಲಿಂದ ಬೇರೆ ದೇಶಕ್ಕೆ ಯಾಕೆ ಹೋಗಲಿಲ್ಲ?

ಎಂಟೂ ಜನ ಜರ್ಮನಿಯಿಂದ ಬಂದವರೇ. ಫ್ರ್ಯಾಂಕ್ ಕುಟುಂಬ ಫ್ರಾಂಕ್‌ಫರ್ಟಿನದು. 1933ರಲ್ಲಿ ಹಿಟ್ಲರ್ ಅಧಿಕಾರ ಹಿಡಿದ ಮೇಲೆ ಒಟ್ಟೊ ಆಮ್‌ಸ್ಟರ್‌ಡ್ಯಾಮಿಗೆ ಬಂದು ಒಪೆಕ್ಟಾ ಎಂಬ ಕಂಪನಿ ನಡೆಸಿದರು. ಮನೆಯಲ್ಲಿ ಜ್ಯಾಮ್ ಮಾಡುವವರಿಗೆ ಬೇಕಾದ ಪೆಕ್ಟಿನ್ ಮಾರುವ ವ್ಯಾಪಾರ. ಆಮೇಲೆ ಮಾಂಸಕ್ಕೆ ಹಾಕುವ ಮಸಾಲೆಯ ಪೆಕ್ಟಾಕಾನ್ ಕಂಪನಿಯೂ ಸೇರಿತು. ಹರ್ಮನ್ ವಾನ್ ಪೆಲ್ಸ್ ಅಲ್ಲಿನ ಮಸಾಲೆ ತಜ್ಞ.

ಹೋಗಲು ಪ್ರಯತ್ನ ಪಡಲಿಲ್ಲ ಎಂಬುದು ತಪ್ಪು. ಒಟ್ಟೊ 1938ರಲ್ಲೇ ಅಮೆರಿಕದ ವೀಸಾಕ್ಕೆ ಅರ್ಜಿ ಹಾಕಿದ್ದರು. 1940ರ ಮೇ ತಿಂಗಳಲ್ಲಿ ಜರ್ಮನ್ನರು ಹಾಲೆಂಡನ್ನು ಆಕ್ರಮಿಸಿ ರಾಟರ್‌ಡ್ಯಾಮಿನ ಮೇಲೆ ಬಾಂಬ್ ಹಾಕಿದಾಗ ಅಲ್ಲಿನ ಅಮೆರಿಕನ್ ಕಾನ್ಸುಲೇಟಿನಲ್ಲಿದ್ದ ಅರ್ಜಿಗಳು ನಾಶವಾದವು. 1941ರಲ್ಲಿ ಅಮೆರಿಕದಲ್ಲಿದ್ದ ಗೆಳೆಯನಿಗೆ ಬರೆದು ಮತ್ತೆ ಓಡಾಡಿದರು. ಕೊನೆಗೆ ಆ ವರ್ಷದ ಡಿಸೆಂಬರ್ 1ಕ್ಕೆ ಕ್ಯೂಬಾದ ವೀಸಾ ಮಂಜೂರಾಯಿತು, ಅದೂ ಒಟ್ಟೊ ಒಬ್ಬರಿಗೆ. ಹತ್ತು ದಿನದಲ್ಲಿ ಜರ್ಮನಿ ಅಮೆರಿಕದ ಮೇಲೆ ಯುದ್ಧ ಸಾರಿತು, ವೀಸಾ ರದ್ದಾಯಿತು.

ಜುಲೈ 6ರಂದು ಅಷ್ಟು ಅವಸರದಲ್ಲಿ ಹೊರಟಿದ್ದು ಯಾಕೆ?

ಅಡಗುದಾಣದ ತಯಾರಿ ಅವಸರದ್ದಾಗಿರಲಿಲ್ಲ. ತಿಂಗಳುಗಟ್ಟಲೆ ಮೊದಲಿನಿಂದಲೇ ಪೀಠೋಪಕರಣ, ಹಾಸಿಗೆ, ಡಬ್ಬಿ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಸಾಗಿಸಿ ಇಟ್ಟಿದ್ದರು. ಜುಲೈ 16ಕ್ಕೆ ಹೋಗುವುದೆಂದು ತೀರ್ಮಾನವಾಗಿತ್ತು. ಜುಲೈ 5ರ ಭಾನುವಾರ ಮಾರ್ಗೊಗೆ ಜರ್ಮನಿಯ ‘ದುಡಿಮೆ ಶಿಬಿರ’ಕ್ಕೆ ಹಾಜರಾಗಬೇಕೆಂಬ ಕರೆಪತ್ರ ಬಂತು. ಮರುದಿನ ಬೆಳಿಗ್ಗೆಯೇ ಹೊರಟರು.

ಯಹೂದಿಗಳಿಗೆ ಟ್ರಾಮ್ ನಿಷೇಧ. ಸೈಕಲ್ಲುಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಸೂಟ್‌ಕೇಸ್ ಹಿಡಿದು ಬೀದಿಯಲ್ಲಿ ಕಂಡರೆ ಓಡಿಹೋಗುತ್ತಿದ್ದಾರೆ ಎಂದು ಹಿಡಿಯುವ ಅಪಾಯ. ಹಾಗಾಗಿ ಬಟ್ಟೆಯ ಮೇಲೆ ಬಟ್ಟೆ ತೊಟ್ಟು, ಶಾಲೆಯ ಚೀಲ, ಪೇಟೆ ಚೀಲಗಳಲ್ಲಿ ಹಿಡಿದಷ್ಟು ತುಂಬಿಕೊಂಡು, ಸುರಿಯುವ ಮಳೆಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ನಡೆದರು. ಮಾರ್ಗೊ ಮಾತ್ರ ಒಪ್ಪಿಸದೆ ಉಳಿಸಿಕೊಂಡಿದ್ದ ಸೈಕಲ್ ಏರಿ, ಯಹೂದಿಗಳು ಬಟ್ಟೆಯ ಮೇಲೆ ತೊಡಲೇಬೇಕಿದ್ದ ಹಳದಿ ನಕ್ಷತ್ರವಿಲ್ಲದೆ, ಆಫೀಸಿನ ಮೀಪ್ ಗೀಸ್ ಹಿಂದೆ ಮೊದಲೇ ಹೋದಳು.

ಮನೆಯಲ್ಲಿ ಹಾಸಿಗೆ ಮಡಿಸಲಿಲ್ಲ, ತಿಂಡಿಯ ತಟ್ಟೆ ತೆಗೆಯಲಿಲ್ಲ. ಗಡಿ ಹತ್ತಿರದ ಮಾಸ್ಟ್ರಿಕ್ಟ್ ಊರಿನ ವಿಳಾಸವಿದ್ದ ಚೀಟಿಯೊಂದನ್ನು ಮನೆಯಲ್ಲೇ ಬಿಟ್ಟರು. ನೋಡಿದವರು ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರು ಅಂದುಕೊಳ್ಳಲಿ ಎಂಬ ಉಪಾಯ. ಅದು ಫಲಿಸಿತು, ಆ ಸುದ್ದಿ ನೆರೆಹೊರೆಯಲ್ಲೆಲ್ಲ ಹಬ್ಬಿತು.

ಊರ ನಡುವಿನ ಆಫೀಸಿನಲ್ಲಿ ಎಂಟು ಜನ ಅಡಗಲು ಹೇಗೆ ಸಾಧ್ಯ?

ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಬದಿಯ ಹಳೆಯ ಮನೆಗಳು ಅಗಲದಲ್ಲಿ ಕಿರಿದು, ಉದ್ದದಲ್ಲಿ ಬಹಳ. ಮುಂದೊಂದು ಮನೆ, ಅದಕ್ಕೆ ಅಂಟಿಕೊಂಡು ಹಿಂದೊಂದು ಮನೆ. ಈ ಹಿಂಮನೆಗೆ ಡಚ್ಚಿನಲ್ಲಿ ‘ಆಖ್ಟರ್‌ಹೌಸ್’ ಎನ್ನುತ್ತಾರೆ. ಬೀದಿಯಲ್ಲಿ ನಿಂತವರಿಗೆ ಹಿಂಮನೆ ಕಾಣುವುದೇ ಇಲ್ಲ.

263ನೇ ನಂಬರಿನ ನೆಲಮಟ್ಟದಲ್ಲಿ ಮಸಾಲೆ ಅರೆಯುವ ಯಂತ್ರಗಳಿದ್ದ ಗೋದಾಮು. ಮೊದಲ ಮಹಡಿಯಲ್ಲಿ ಆಫೀಸುಗಳು. ಅಡಗುದಾಣ ಇದ್ದದ್ದು ಹಿಂಮನೆಯ ಮೇಲಿನ ಎರಡು ಮಹಡಿಗಳಲ್ಲಿ. ಕೆಳಗಿನದರಲ್ಲಿ ಒಟ್ಟೊ, ಎಡಿತ್, ಮಾರ್ಗೊ ಮಲಗುವ ಕೋಣೆ, ಪಕ್ಕದಲ್ಲಿ ಆನ್ ಮತ್ತು ಫೆಫರ್ ಇದ್ದ ಕಿರಿದಾದ ಕೋಣೆ, ತೊಳೆಯುವ ಜಾಗ, ಕಕ್ಕಸು. ಮೇಲಿನದರಲ್ಲಿ ಒಲೆಯಿದ್ದ ದೊಡ್ಡ ಕೋಣೆ. ಹಗಲು ಅದು ಎಲ್ಲರ ಅಡುಗೆಮನೆ ಮತ್ತು ಊಟದ ಮನೆ, ರಾತ್ರಿ ವಾನ್ ಪೆಲ್ಸ್ ದಂಪತಿಯ ಮಲಗುವ ಮನೆ. ಪೀಟರ್ ಮಲಗುತ್ತಿದ್ದದ್ದು ಅಟ್ಟಕ್ಕೆ ಏರುವ ಮೆಟ್ಟಿಲು ಹಾಯುವ ಸಣ್ಣ ಕೋಣೆಯಲ್ಲಿ. ಅಟ್ಟದಲ್ಲಿ ದಿನಸಿ.

ಅಂದಿನ ಅಡಗುದಾಣಗಳ ಮಟ್ಟದಲ್ಲಿ ಇದು ಐಷಾರಾಮಿ ಅನ್ನಬೇಕು. ನೆಲದ ಹಲಗೆಯಡಿ, ಕೊಟ್ಟಿಗೆಯ ಹುಲ್ಲಿನ ಹಿಂದೆ ಬದುಕಿದವರೇ ಬಹಳ.

ಪುಸ್ತಕದ ಕಪಾಟು ಮೊದಲ ದಿನದಿಂದಲೇ ಇತ್ತಾ?

ಇಲ್ಲ. ಮೊದಲ ಕೆಲವು ವಾರ ಅಲ್ಲಿದ್ದದ್ದು ಬರಿಯ ಬಾಗಿಲು. ಬಚ್ಚಿಟ್ಟ ಸೈಕಲ್ಲುಗಳಿಗಾಗಿ ಜರ್ಮನ್ನರು ಮನೆ ಮನೆ ಶೋಧಿಸತೊಡಗಿದಾಗ ಬಾಗಿಲನ್ನು ಮರೆಮಾಡಬೇಕೆಂಬ ಯೋಚನೆ ಬಂತು. ಗೋದಾಮಿನ ಮೇಲ್ವಿಚಾರಕ ಯೋಹಾನ್ ವೊಸ್ಕೈಲ್ ಆಗಸ್ಟ್ 1942ರಲ್ಲಿ ತಿರುಗಣಿ ಮೇಲೆ ತೆರೆಯುವ ಕಪಾಟು ಮಾಡಿ ಕೂರಿಸಿದರು. ಮೇಲೆ ಆಫೀಸಿನ ಫೈಲುಗಳನ್ನು ಜೋಡಿಸಿಟ್ಟರು.

ಕಪಾಟು ಸರಾಗವಾಗಿ ತಿರುಗಲೆಂದು ಬಾಗಿಲ ಬಳಿಯ ಮೆಟ್ಟಿಲನ್ನು ಕಿತ್ತು ಹಾಕಬೇಕಾಯಿತು. ಆಮೇಲೆ ಒಳಹೋಗಬೇಕಾದವರು ತಲೆ ಬಗ್ಗಿಸಿ ಹಾರಬೇಕು. ಮೂರೇ ದಿನದಲ್ಲಿ ಎಲ್ಲರ ಹಣೆಯಲ್ಲೂ ಬೋರೆ. ಪೀಟರ್ ಮರದ ಹೊಟ್ಟು ತುಂಬಿದ ಟವೆಲನ್ನು ಚೌಕಟ್ಟಿಗೆ ಮೊಳೆ ಹೊಡೆದ.

ಒಳಗಿನ ದಿನಗಳು

ಒಂದು ದಿನ ಹೇಗೆ ಸಾಗುತ್ತಿತ್ತು?

ಬೆಳಿಗ್ಗೆ 6:45ಕ್ಕೆ ಅಲಾರಾಂ. ಒಬ್ಬರಾದ ಮೇಲೊಬ್ಬರು ಸರದಿಯಲ್ಲಿ ಮುಖ ತೊಳೆದು, ಕಕ್ಕಸಿಗೆ ಹೋಗಿ ಎಲ್ಲ ಮುಗಿಸಬೇಕು. 8:30ಕ್ಕೆ ಗೋದಾಮಿನ ಆಳುಗಳು ಬರುತ್ತಿದ್ದರು. ಆಫೀಸಿನ ನಂಬಿಕಸ್ತರು ಬರುತ್ತಿದ್ದದ್ದು 9ಕ್ಕೆ. ನಡುವಿನ ಆ ಅರ್ಧ ಗಂಟೆ ದಿನದಲ್ಲೇ ಕಠಿಣ. ಮೇಲೆ ಸದ್ದಾದರೆ ‘ಆಫೀಸಿನವರು ಓಡಾಡುತ್ತಿದ್ದಾರೆ’ ಎಂಬ ನೆಪವೂ ಆಗ ಇರಲಿಲ್ಲ. ಬೂಟು ಹಾಕುವಂತಿಲ್ಲ, ನಲ್ಲಿ ತಿರುಗಿಸುವಂತಿಲ್ಲ.

9 ಹೊಡೆದ ಮೇಲೆ ಸ್ವಲ್ಪ ಉಸಿರು. ಆದರೂ ಮೆಲುಮಾತು, ಮೆತ್ತನೆ ಕಾಲು. ಮಧ್ಯಾಹ್ನ 12:30ಕ್ಕೆ ಆಳುಗಳು ಊಟಕ್ಕೆ ಮನೆಗೆ ಹೋದಾಗ ಆಫೀಸಿನವರು ಮೇಲೆ ಬರುತ್ತಿದ್ದರು. ಒಟ್ಟಿಗೆ ಸೂಪು ಕುಡಿದು, ಮಧ್ಯಾಹ್ನ 1ಕ್ಕೆ ಬರುವ ಬಿಬಿಸಿ ಸುದ್ದಿ ಕೇಳಿ, ಪೇಟೆಯ ಸಮಾಚಾರ ಹೇಳಿ ಇಳಿದುಹೋಗುತ್ತಿದ್ದರು. ಆಮೇಲೆ ಕೆಲವರು ಮಲಗುತ್ತಿದ್ದರು, ಕೆಲವರು ಓದುತ್ತಿದ್ದರು. ಸಂಜೆ 5:30ಕ್ಕೆ ಆಳುಗಳು ಹೊರಟರೆ ಇಡೀ ಕಟ್ಟಡ ಇವರದು. ಕೆಳಗಿನ ಆಫೀಸಿಗೆ ಇಳಿದು ಟೈಪ್ ಮಾಡುವುದು, ಲೆಕ್ಕ ಬರೆಯುವುದು, ರೇಡಿಯೊ ಕೇಳುವುದು ಆಗಲೇ. ರಾತ್ರಿ 9ರ ಹೊತ್ತಿಗೆ ಕುರ್ಚಿಗಳನ್ನು ಸರಿಸಿ ಹಾಸಿಗೆ ಹಾಸುವ ಗಲಾಟೆ.

ಕಕ್ಕಸು, ಸ್ನಾನಕ್ಕೆ ಏನು ಮಾಡುತ್ತಿದ್ದರು?

ಎಂಟು ಜನಕ್ಕೆ ಒಂದು ಕಕ್ಕಸು. ಕೆಲಸದ ಹೊತ್ತಿನಲ್ಲಿ ಫ್ಲಶ್ ಎಳೆದರೆ ನೀರಿನ ಸದ್ದು ಕೊಳವೆಗಳ ಮೂಲಕ ಕೆಳಗೆ ಕೇಳುತ್ತದೆ. ಹಾಗಾಗಿ ಬೆಳಿಗ್ಗೆ ಆಳುಗಳು ಬರುವ ಮೊದಲು, ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಸಂಜೆ ಅವರು ಹೊರಟ ಮೇಲೆ, ಈ ಮೂರು ಹೊತ್ತಿಗೆ ಹೊಟ್ಟೆಯನ್ನು ಒಗ್ಗಿಸಿಕೊಳ್ಳಬೇಕಿತ್ತು.

1942ರ ಸೆಪ್ಟೆಂಬರ್ ಕೊನೆಯಲ್ಲಿ, ಚಳಿಗೆ ಕೊಳವೆಗಳು ಹೆಪ್ಪುಗಟ್ಟದಿರಲೆಂದು ಆಫೀಸಿನ ಕಕ್ಕಸಿನ ಕೊಳವೆಗಳನ್ನು ಬೇರೆ ಕಡೆ ಹಾಯಿಸಲು ಪ್ಲಂಬರ್ ಬಂದ. ಅವನು ಹೊರಗಿನವನು. ಅವನಿದ್ದಷ್ಟು ಹೊತ್ತು ನೀರು ಬಿಡುವಂತಿಲ್ಲ, ಫ್ಲಶ್ ಎಳೆಯುವಂತಿಲ್ಲ, ಮಾತಂತೂ ಇಲ್ಲವೇ ಇಲ್ಲ. ಗಾಜಿನ ಜಾಡಿಯೇ ಗತಿಯಾಯಿತು. ಜಾಡಿಗಿಂತ ದಿನವಿಡೀ ಬಾಯಿ ಮುಚ್ಚಿ ಕೂರುವುದೇ ತನಗೆ ಕಷ್ಟವಾಯಿತೆಂದು ಆನ್ ಬರೆದಿದ್ದಾಳೆ. ಶೌಚದ ಕಾಗದಕ್ಕೂ ಬರ ಬಂದಿತ್ತು. ಸ್ಟ್ರಾಬೆರಿ ಜ್ಯಾಮ್ ಮಾಡುವ ವಿಧಾನ ಅಚ್ಚಾಗಿದ್ದ ಕಂಪನಿಯ ಚೀಟಿಗಳನ್ನೇ ಬಳಸಿದರು, ಅವು ಕಟ್ಟಿಕೊಂಡು ಕೊಳವೆ ತುಂಬಿ ಪಜೀತಿಯಾಯಿತು.

ಬಚ್ಚಲುಮನೆ ಇರಲಿಲ್ಲ. ಸ್ನಾನ ವಾರಕ್ಕೊಮ್ಮೆ, ತಗಡಿನ ತೊಟ್ಟಿಯಲ್ಲಿ. ಬಿಸಿನೀರು ಬರುತ್ತಿದ್ದದ್ದು ಕೆಳಗಿನ ಆಫೀಸು ಭಾಗದಲ್ಲಿ ಮಾತ್ರ. ಒಬ್ಬೊಬ್ಬರಿಗೆ ಒಂದೊಂದು ಜಾಗ: ಪೀಟರ್ ಆಫೀಸಿನ ಅಡುಗೆಮನೆಯಲ್ಲಿ, ಹರ್ಮನ್ ನೀರನ್ನು ಹೊತ್ತುಕೊಂಡು ಮೇಲೆ ತಮ್ಮ ಕೋಣೆಯಲ್ಲಿ, ಹುಡುಗಿಯರು ಮುಂದಿನ ಆಫೀಸಿನಲ್ಲಿ ಪರದೆ ಎಳೆದು, ಮಬ್ಬುಗತ್ತಲಲ್ಲಿ. ಒಬ್ಬಳು ಮೀಯುವಾಗ ಇನ್ನೊಬ್ಬಳು ಪರದೆಯ ಸಂದಿನಿಂದ ಬೀದಿ ನೋಡುತ್ತಿದ್ದಳು.

ದೀಪ, ಕಿಟಕಿ, ಒಲೆಯ ಹೊಗೆ ಇವೆಲ್ಲ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲವೇ?

ಬಿಟ್ಟುಕೊಡಬಹುದಿತ್ತು. ಮೊದಲ ದಿನವೇ ಒಟ್ಟೊ ಮತ್ತು ಆನ್ ಕೂತು ಬಣ್ಣಬಣ್ಣದ ಬಟ್ಟೆತುಂಡುಗಳನ್ನು ಜೋಡಿಸಿ ಪರದೆ ಹೊಲಿದರು. ರಾತ್ರಿ ವಿಮಾನದಾಳಿಯ ಭಯಕ್ಕೆ ಇಡೀ ಊರಿನಲ್ಲೇ ದೀಪ ಮರೆಮಾಡುವ ಕಾನೂನಿತ್ತು, ಹಾಗಾಗಿ ಕಪ್ಪು ಪರದೆ ಯಾರ ಕಣ್ಣಿಗೂ ಅಸಹಜವಾಗಿ ಕಾಣಲಿಲ್ಲ. ತೊಂದರೆ ಇದ್ದದ್ದು ಬೇಸಿಗೆಯಲ್ಲಿ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ 10ರ ಮೇಲೆ. ಅಲ್ಲಿಯವರೆಗೆ ಸೆಖೆಯಲ್ಲೂ ಕಿಟಕಿ ತೆರೆಯುವಂತಿಲ್ಲ.

ಕಸವನ್ನು ಹೊರಗಿನ ಡಬ್ಬಕ್ಕೆ ಹಾಕುವಂತಿಲ್ಲ. ಖಾಲಿ ಎನ್ನಲಾದ ಮನೆಯಿಂದ ಆಲೂಗಡ್ಡೆ ಸಿಪ್ಪೆ ಬಂದರೆ ಯಾರಾದರೂ ಕೇಳಿಯಾರು. ಆದ್ದರಿಂದ ಬೇಸಿಗೆಯಲ್ಲೂ ಒಲೆ ಹೊತ್ತಿಸಿ ಸುಡಬೇಕು. ಆದರೆ ಬೇಸಿಗೆಯ ಹಗಲಲ್ಲಿ ಹೊಗೆಕೊಳವೆಯಿಂದ ಹೊಗೆ ಎದ್ದರೆ ಅದೂ ಸಂಶಯಕ್ಕೆ ದಾರಿ. ವಿದ್ಯುತ್ತಿಗೂ ಮಿತಿ ಇತ್ತು. 1942ರ ಚಳಿಗಾಲದಲ್ಲಿ ಪಾಲಿಗಿಂತ ಹೆಚ್ಚು ಉರಿಸಿ, ಎರಡು ವಾರ ದೀಪವಿಲ್ಲದೆ ಕಳೆಯಬೇಕಾಗಿ ಬಂತು. ಸಂಜೆ ನಾಲ್ಕಕ್ಕೇ ಓದಲಾಗದ ಕತ್ತಲು.

ಎಂಟು ಜನಕ್ಕೆ ಊಟ ಎಲ್ಲಿಂದ ಬರುತ್ತಿತ್ತು?

ಈ ಕಥೆಯ ನಡುಕಂಬ ಇದು. ಯುದ್ಧಕಾಲದ ಹಾಲೆಂಡಿನಲ್ಲಿ ದುಡ್ಡೊಂದಿದ್ದರೆ ಸಾಲದು. ಬ್ರೆಡ್ಡು, ಬೆಣ್ಣೆ, ಮಾಂಸ, ಸಕ್ಕರೆ ಯಾವುದಕ್ಕೂ ರೇಷನ್ ಕೂಪನ್ ಬೇಕು. ಅಡಗಿದವನು ಸರ್ಕಾರದ ಲೆಕ್ಕದಲ್ಲಿ ಇಲ್ಲ, ಲೆಕ್ಕದಲ್ಲಿ ಇಲ್ಲದವನಿಗೆ ಕೂಪನ್ ಇಲ್ಲ. ಮೀಪ್ ಅವರ ಗಂಡ ಯಾನ್ ಗೀಸ್ ಪ್ರತಿರೋಧ ಚಳವಳಿಯ ಸಂಪರ್ಕದಿಂದ ಕೂಪನ್ ತರುತ್ತಿದ್ದರು. ಕಾಳಸಂತೆಯಲ್ಲಿ ರೇಷನ್ ಚೀಟಿಯ ಬೆಲೆ 27 ಗಿಲ್ಡರ್ (ಆಗಿನ ಡಚ್ ಹಣ) ಇದ್ದದ್ದು 33ಕ್ಕೆ ಏರಿತು ಎಂದು ಡೈರಿಯಲ್ಲಿದೆ.

ಕೂಪನ್ ಕೈಗೆ ಬಂದ ಮೇಲೂ ಒಂದು ತೊಡಕು: ಒಬ್ಬ ಹೆಂಗಸು ದಿನವೂ ಹತ್ತು ಜನಕ್ಕಾಗುವಷ್ಟು ತರಕಾರಿ ಕೊಂಡರೆ ಅಂಗಡಿಯವನಿಗೆ ತಿಳಿಯದೆ ಇರುತ್ತದೆಯೇ? ಅದಕ್ಕೆ ಬಾಯಿಬಿಡದ ಅಂಗಡಿಗಳೇ ಬೇಕು. ತರಕಾರಿ ಮೀಪ್ ಪಾಲು, ಹತ್ತಿರದ ಲೆಲಿಗ್ರಾಖ್ಟ್ ಬೀದಿಯ ಹೆಂಡ್ರಿಕ್ ವಾನ್ ಹೂವೆ ಏನೂ ಕೇಳದೆ ತೂಗಿ ಕೊಡುತ್ತಿದ್ದರು. ಮಾಂಸದಂಗಡಿಯವನು ಹರ್ಮನ್‌ಗೆ ಮೊದಲಿನಿಂದ ಗೊತ್ತಿದ್ದವನು. ಬ್ರೆಡ್ಡು ಕೊಡುವವನು ಆಫೀಸಿನ ಕ್ಲೈಮನ್‌ಗೆ ಗೆಳೆಯ. ಹಾಲು ಆಫೀಸಿನ ಬೆಪ್ ವೊಸ್ಕೈಲ್ ಕೆಲಸ. ಆಫೀಸಿಗೆಂದು ಬಂದ ಬಾಟಲಿಗಳನ್ನು ಆಕೆ ಮೇಲೆ ಸಾಗಿಸುತ್ತಿದ್ದಳು.

ಅಟ್ಟದಲ್ಲಿ ಸುಮಾರು ನೂರು ಡಬ್ಬಿ ಆಹಾರ ಇತ್ತು. 1942ರ ನವೆಂಬರಿನಲ್ಲಿ ಆರು ಚೀಲ ಒಣಕಾಳು ಕೊಂಡರು. ಪೀಟರ್ ಐದನ್ನು ಹೊತ್ತು ಏರಿಸಿದ. ಆರನೆಯದರ ಹೊಲಿಗೆ ಬಿಟ್ಟು ಕಾಳೆಲ್ಲ ಆಲಿಕಲ್ಲಿನಂತೆ ಮೆಟ್ಟಿಲುಗಳ ಮೇಲೆ ಸುರಿಯಿತು. ಪುಣ್ಯಕ್ಕೆ ಆಗ ಕೆಳಗೆ ಹೊರಗಿನವರು ಯಾರೂ ಇರಲಿಲ್ಲ.

ಕೊಂಡಿ ಕಳಚಿದ್ದು 1944ರಲ್ಲಿ. ಮಾರ್ಚ್‌ನಲ್ಲಿ ಕೂಪನ್ ಒದಗಿಸುವವರು ಸಿಕ್ಕಿಬಿದ್ದರು, ಎಂಟು ಬಾಯಿಗೆ ಐದೇ ರೇಷನ್ ಪುಸ್ತಕ ಉಳಿದವು. ಮೇ 25ರಂದು ವಾನ್ ಹೂವೆ ಬಂಧನವಾಯಿತು, ತಮ್ಮ ಮನೆಯಲ್ಲಿ ಇಬ್ಬರು ಯಹೂದಿಗಳನ್ನು ಇರಿಸಿಕೊಂಡಿದ್ದಕ್ಕೆ. ಆಮೇಲೆ ಬೆಳಗಿನ ತಿಂಡಿ ನಿಂತಿತು. ಮಧ್ಯಾಹ್ನ ಗಂಜಿ ಮತ್ತು ಬ್ರೆಡ್ಡು, ರಾತ್ರಿ ಹುರಿದ ಆಲೂಗಡ್ಡೆ. ವಾರದಲ್ಲಿ ಒಂದೆರಡು ಸಲ ಸೊಪ್ಪೋ ತರಕಾರಿಯೋ.

ಇವರು ‘ಹಸಿವಿನ ಚಳಿಗಾಲ’ದಲ್ಲಿ ಉಪವಾಸ ಬಿದ್ದಿದ್ದರಂತೆ, ನಿಜವೇ?

ಇಲ್ಲ, ಎರಡನ್ನು ಕಲಸಿದ್ದಾರೆ. ಹಾಲೆಂಡಿನಲ್ಲಿ ಸುಮಾರು 20,000 ಜನರನ್ನು ಬಲಿ ತೆಗೆದುಕೊಂಡ ಹಸಿವಿನ ಚಳಿಗಾಲ 1944-45ರದ್ದು. ಅಷ್ಟರಲ್ಲಿ ಇವರು ಸಿಕ್ಕಿಬಿದ್ದಾಗಿತ್ತು.

ಎರಡು ವರ್ಷದ ಖರ್ಚಿಗೆ ದುಡ್ಡು?

ಯಹೂದಿಗಳ ವ್ಯಾಪಾರಗಳನ್ನು ಜರ್ಮನ್ನರು ಕಿತ್ತುಕೊಳ್ಳುವ ಮೊದಲೇ ಒಟ್ಟೊ ತಮ್ಮ ಕಂಪನಿಗಳನ್ನು ಕಾಗದದ ಮೇಲೆ ಆಫೀಸಿನ ಕ್ಲೈಮನ್, ಕುಗ್ಲರ್, ಮೀಪ್ ಗಂಡ ಯಾನ್ ಗೀಸ್ ಇವರ ಹೆಸರಿಗೆ ಸೇರುವಂತೆ ಮಾಡಿದ್ದರು. ಪೆಕ್ಟಾಕಾನ್ ವ್ಯವಹಾರ ‘ಗೀಸ್ ಅಂಡ್ ಕೋ’ ಆಯಿತು. ವ್ಯಾಪಾರ ನಡೆಯಿತು, ಅದರ ಆದಾಯವೇ ಮೇಲಿನವರನ್ನೂ ಸಾಕಿತು. ವಾನ್ ಪೆಲ್ಸ್‌ರ ಕೈ ಬೇಗ ಬರಿದಾಯಿತು. 1943ರಲ್ಲಿ ಔಗುಸ್ಟೆ 17 ವರ್ಷ ತೊಟ್ಟಿದ್ದ ಮೊಲದ ತುಪ್ಪಳದ ಕೋಟು 325 ಗಿಲ್ಡರಿಗೆ ಮಾರಾಟವಾಯಿತು. ಯುದ್ಧ ಮುಗಿದ ಮೇಲೆ ಬಟ್ಟೆ ಕೊಳ್ಳಲು ಆ ದುಡ್ಡು ಇರಲಿ ಎಂದು ಆಕೆ, ಮನೆಖರ್ಚಿಗೆ ಬೇಕೆಂದು ಗಂಡ. ಆ ಜಗಳ ಇಡೀ ಮನೆಗೆ ಕೇಳಿಸಿತು.

ಕಾಯಿಲೆ ಬಿದ್ದರೆ?

ಡಾಕ್ಟರನ್ನು ಕರೆಯುವ ಮಾತೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಕೆಮ್ಮಿನದು. ಶುರುವಿನಲ್ಲಿ ಮಾರ್ಗೊಗೆ ನೆಗಡಿಯಾದಾಗ ಕೆಮ್ಮು ಅಡಗಲೆಂದು ಕೊಡೀನ್ ಕುಡಿಸಿದರು. ಆನ್‌ಗೆ ಜ್ವರ ಬಂದಾಗಲೂ ಕೆಮ್ಮು ಬಂದರೆ ಕಂಬಳಿಯೊಳಗೆ ಮುಖ ಹುದುಗಿಸಬೇಕಿತ್ತು. ಹಲ್ಲಿಗೆ ಮಾತ್ರ ಫೆಫರ್ ಇದ್ದರು. 1943ರಲ್ಲಿ ಆನ್‌ಗೆ ದೃಷ್ಟಿ ಮಂದವಾಯಿತು. ಮೀಪ್ ಜೊತೆ ಕನ್ನಡಕದ ಡಾಕ್ಟರ ಬಳಿ ಕಳಿಸುವ ಚರ್ಚೆ ನಡೆಯಿತು, ಕೋಟನ್ನೂ ಹುಡುಕಿದರು. ಅಷ್ಟರಲ್ಲಿ ಮಿತ್ರಪಡೆಗಳು ಸಿಸಿಲಿಯಲ್ಲಿ ಇಳಿದ ಸುದ್ದಿ ಬಂತು. ಯುದ್ಧ ಬೇಗ ಮುಗಿಯುತ್ತದೆಂದು ಒಟ್ಟೊ ನಂಬಿದರು. ಕನ್ನಡಕ ಬರಲಿಲ್ಲ.

ದಿನವಿಡೀ ಏನು ಮಾಡುತ್ತಿದ್ದರು? ಬೇಸರ ಬರುತ್ತಿರಲಿಲ್ಲವೇ?

ಬೇಸರ, ಜಗಳ ಎರಡೂ ಧಾರಾಳವಾಗಿ ಇದ್ದವು. ಒಟ್ಟೊ ಅದನ್ನು ಮೊದಲೇ ಊಹಿಸಿ ಪಾಠದ ವೇಳಾಪಟ್ಟಿ ಹಾಕಿದ್ದರು. ಪ್ರತಿ ಶನಿವಾರ ಮೀಪ್ ಐದು ಗ್ರಂಥಾಲಯದ ಪುಸ್ತಕ ತರುತ್ತಿದ್ದರು. ಬೆಪ್ ಹೆಸರಿನಲ್ಲಿ ಅಂಚೆ ಮೂಲಕ ಶೀಘ್ರಲಿಪಿ ಮತ್ತು ಲ್ಯಾಟಿನ್ ಪಾಠಗಳನ್ನು ತರಿಸಿದರು. ಲ್ಯಾಟಿನ್ ಅಭ್ಯಾಸಗಳನ್ನು ಬರೆದು ಕಳಿಸುತ್ತಿದ್ದವಳು ಮಾರ್ಗೊ, ತಿದ್ದುತ್ತಿದ್ದ ಮೇಷ್ಟ್ರಿಗೆ ಶಿಷ್ಯೆ ಬೆಪ್. ಆಫೀಸಿನ ಕಾಗದಪತ್ರದ ಕೆಲಸವನ್ನೂ ಹುಡುಗಿಯರು ಸಂಜೆ ಮಾಡಿಕೊಡುತ್ತಿದ್ದರು. ಕುಗ್ಲರ್ ಸೋಮವಾರ ಸಿನಿಮಾ ಪತ್ರಿಕೆ ತರುತ್ತಿದ್ದರು. ಅದರ ನಟನಟಿಯರ ಚಿತ್ರಗಳನ್ನು ಆನ್ ಗೋಡೆಗೆ ಅಂಟಿಸಿದಳು.

ಗಂಟಿನ ಪ್ರಶ್ನೆಗಳು

ಸಹಾಯ ಮಾಡಿದವರು ಎಷ್ಟು ಜನ? ಸಿಕ್ಕಿದ್ದರೆ ಅವರಿಗೆ ಏನಾಗುತ್ತಿತ್ತು?

ಪೂರ್ತಿ ಗುಟ್ಟು ಬಲ್ಲವರು ಆರು ಜನ: ಮೀಪ್ ಮತ್ತು ಯಾನ್ ಗೀಸ್, ವಿಕ್ಟರ್ ಕುಗ್ಲರ್, ಯೊಹಾನೆಸ್ ಕ್ಲೈಮನ್, ಬೆಪ್ ವೊಸ್ಕೈಲ್, ಆಕೆಯ ತಂದೆ ಯೋಹಾನ್. ಗೋದಾಮಿನ ಉಳಿದ ಆಳುಗಳಿಗೆ ಹೇಳಿರಲಿಲ್ಲ. ಆಕ್ರಮಿತ ಪೋಲೆಂಡಿನಲ್ಲಿ ಯಹೂದಿಗೆ ಆಶ್ರಯ ಕೊಟ್ಟರೆ ಮರಣದಂಡನೆ. ಹಾಲೆಂಡಿನಲ್ಲಿ ಸಾಮಾನ್ಯವಾಗಿ ಸೆರೆಮನೆ ಇಲ್ಲವೇ ಶಿಬಿರ, ಅಲ್ಲಿಂದ ಹಿಂದಿರುಗದವರೂ ಇದ್ದಾರೆ.

ಇಂಥ ಸರಪಳಿಯ ದೌರ್ಬಲ್ಯ ಕಾಯಿಲೆ. ಕ್ಲೈಮನ್‌ಗೆ ಹೊಟ್ಟೆಯ ರಕ್ತಸ್ರಾವ. ಬೆಪ್ ಮನೆಯಲ್ಲಿ ಡಿಫ್ತೀರಿಯಾ ಬಂದು ಆಕೆ ವಾರಗಟ್ಟಲೆ ದೂರ ಉಳಿಯಬೇಕಾಯಿತು. 1943ರಲ್ಲಿ ಯೋಹಾನ್ ವೊಸ್ಕೈಲ್‌ಗೆ ಕ್ಯಾನ್ಸರ್ ಎಂದು ತಿಳಿಯಿತು. ಗೋದಾಮಿನಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದ ಸ್ವಂತ ಮನುಷ್ಯ ಹೋಗಿ, ಆ ಜಾಗಕ್ಕೆ ಎಲ್ಲವನ್ನೂ ಕೆದಕುವ ಹೊಸಬ ಬಂದ. ನಮ್ಮ ಲೆಕ್ಕದಲ್ಲಿ ಅಡಗುದಾಣಕ್ಕೆ ಬಿದ್ದ ಅತಿ ದೊಡ್ಡ ಪೆಟ್ಟು ಇದೇ. ಇಷ್ಟರ ಮೇಲೆ ಗೀಸ್ ದಂಪತಿ ತಮ್ಮ ಮನೆಯಲ್ಲಿ ಬೇರೊಬ್ಬ ವಿದ್ಯಾರ್ಥಿಯನ್ನು ಅಡಗಿಸಿಟ್ಟಿದ್ದರು. ಆ ಸಂಗತಿಯನ್ನು ಹಿಂಮನೆಯವರಿಗೆ ಹೇಳಲಿಲ್ಲ.

ಎರಡು ವರ್ಷದಲ್ಲಿ ಎಲ್ಲೂ ಎಡವಟ್ಟು ಆಗಲೇ ಇಲ್ಲವೇ?

ಹಲವು ಸಲ ಆಯಿತು. 1943ರ ಫೆಬ್ರವರಿಯಲ್ಲಿ ಕಟ್ಟಡದ ಮಾಲೀಕ ಬಾಡಿಗೆದಾರರಿಗೆ ಹೇಳದೆಯೇ ಅದನ್ನು ಮಾರಿಬಿಟ್ಟ. ಹೊಸ ಮಾಲೀಕ ಆರ್ಕಿಟೆಕ್ಟನ ಜೊತೆ ಬಂದು ನಿಂತಾಗ ಕ್ಲೈಮನ್ ಎಲ್ಲ ತೋರಿಸಿ, ಹಿಂಮನೆಯ ಕೀಲಿ ಮನೆಯಲ್ಲಿ ಮರೆತು ಬಂದೆ ಎಂದರು. ಅವನು ಮತ್ತೆ ಕೇಳಲಿಲ್ಲ.

ಕಳ್ಳರ ಕಾಟ ಬೇರೆ. 1943ರ ಜುಲೈ 16ರಂದು 40 ಗಿಲ್ಡರ್ ನಗದು ಮತ್ತು 150 ಕಿಲೋ ಸಕ್ಕರೆಯ ಕೂಪನ್ ಹೋಯಿತು. ಎಲ್ಲಕ್ಕಿಂತ ಕೆಟ್ಟದ್ದು 1944ರ ಏಪ್ರಿಲ್ 9, ಈಸ್ಟರ್ ಭಾನುವಾರದ ರಾತ್ರಿ. ಕಳ್ಳರು ಗೋದಾಮಿನ ಬಾಗಿಲ ಹಲಗೆ ಒಡೆದಿದ್ದರು. ಗಂಡಸರು ಇಳಿದುಹೋಗಿ ಗದರಿಸಿದಾಗ ಅವರು ಓಡಿದರು, ಆದರೆ ಆ ತೂತನ್ನು ರಾತ್ರಿ ಕಾವಲುಗಾರ ನೋಡಿ ಪೊಲೀಸನನ್ನು ಕರೆತಂದ. ಹೆಜ್ಜೆ ಸದ್ದು ಮೇಲೆ ಬಂತು, ಯಾರೋ ಕಪಾಟನ್ನು ಹಿಡಿದು ಅಲ್ಲಾಡಿಸಿದರು. ಎಂಟು ಜನ ಬೆಳಗಿನವರೆಗೆ ಕತ್ತಲಲ್ಲಿ, ಕಸದ ಬುಟ್ಟಿಯನ್ನೇ ಕಕ್ಕಸು ಮಾಡಿಕೊಂಡು ಕೂತರು. ಡೈರಿ ಸುಟ್ಟುಬಿಡೋಣ ಎಂಬ ಮಾತೂ ಬಂತು. ಹಲಗೆಯ ತೂತು ತರಕಾರಿಯ ವಾನ್ ಹೂವೆ ಕಣ್ಣಿಗೂ ಬಿದ್ದಿತ್ತು, ಪೊಲೀಸರಿಗೆ ಹೇಳುವುದು ಬೇಡವೆಂದು ಅವರು ತಾವಾಗಿಯೇ ಸುಮ್ಮನಿದ್ದರು. ಆಮೇಲೆ ಹೊಸ ಕಟ್ಟಳೆಗಳು ಬಂದವು: ರಾತ್ರಿ 9:30ರ ಮೇಲೆ ಫ್ಲಶ್ ಇಲ್ಲ, ಸಂಜೆ ಫೆಫರ್ ಕೆಳಗಿನ ಆಫೀಸಿನಲ್ಲಿ ಕೂರುವಂತಿಲ್ಲ, 8:30ರಿಂದ 9:30ರೊಳಗೆ ಪೀಟರ್ ಸುತ್ತು ಹಾಕಿ ಬರಬೇಕು.

ಎಲ್ಲ ಯಹೂದಿ ಕುಟುಂಬಗಳೂ ಹೀಗೇ ಒಟ್ಟಿಗೆ ಅಡಗಿದ್ದವಾ?

ಇಲ್ಲ, ಇದು ಅಪರೂಪ. ಅಡಗುವುದಕ್ಕೆ ಡಚ್ ಮಾತು ‘ಮುಳುಗುವುದು’. ಮುಳುಗುವಾಗ ಹೆಚ್ಚಿನ ಕುಟುಂಬಗಳು ಚದುರಿದವು. ಗಂಡ ಒಂದು ಹಳ್ಳಿ, ಹೆಂಡತಿ ಇನ್ನೊಂದು, ಮಗು ಯಾರದೋ ಮನೆಯ ‘ಅಣ್ಣನ ಮಗಳು’. ಜಾಗವನ್ನೂ ಮತ್ತೆ ಮತ್ತೆ ಬದಲಿಸಬೇಕಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ರಂಗಮಂದಿರದ ಎದುರಿನ ಶಿಶುವಿಹಾರದಿಂದಲೇ ವಾಲ್ಟರ್ ಜುಸ್ಕಿಂಡ್, ಹೆನ್ರಿಯೆಟ್ ಪಿಮೆಂಟೆಲ್, ಯೋಹಾನ್ ವಾನ್ ಹುಲ್ಸ್ಟ್ ಮತ್ತು ಸಂಗಡಿಗರು ಸುಮಾರು 600 ಮಕ್ಕಳನ್ನು ಹೀಗೆ ಸಾಗಿಸಿದರು.

ಮನೆಯವರ ಜೊತೆಯೇ ಬದುಕಿ, ದಾಳಿಯಾದಾಗ ಮಾತ್ರ ಸಂದಿಯೊಳಗೆ ನುಗ್ಗುವುದು ಇನ್ನೊಂದು ಬಗೆ. ಹಾರ್ಲೆಮ್ ಊರಿನ ಟೆನ್ ಬೂಮ್ ಮನೆಯಲ್ಲಿ ಮಲಗುವ ಕೋಣೆಯ ಕೊನೆಗೆ ಸುಳ್ಳು ಗೋಡೆ ಕಟ್ಟಿದ್ದರು. 1944ರ ಫೆಬ್ರವರಿ 28ರ ದಾಳಿಯಲ್ಲಿ ಮನೆಯವರೆಲ್ಲ ಸೆರೆಯಾದರು. ಗೋಡೆಯ ಹಿಂದೆ ನಿಂತಿದ್ದ ಆರು ಜನ ಸುಮಾರು 47 ಗಂಟೆ ಉಸಿರು ಬಿಗಿಹಿಡಿದು ಕಳೆದು ಪಾರಾದರು.

ಡಚ್ಚರು ಅಷ್ಟು ಸಹಾಯ ಮಾಡಿದರೂ ಹಾಲೆಂಡಿನಲ್ಲಿ ಯಹೂದಿಗಳು ಅಷ್ಟೊಂದು ಸತ್ತದ್ದು ಯಾಕೆ?

ಅಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಸುಮಾರು 1,07,000 ಜನರನ್ನು ನಾಜಿ ಶಿಬಿರಗಳಿಗೆ ಸಾಗಿಸಲಾಯಿತು. ಹಿಂದಿರುಗಿದವರು 5,000ದಷ್ಟು. ಪಶ್ಚಿಮ ಯುರೋಪಿನಲ್ಲಿ ಇಷ್ಟು ದೊಡ್ಡ ಪಾಲು ಬೇರೆ ದೇಶದಲ್ಲಿ ಹೋಗಲಿಲ್ಲ. ಕಾಡಿಲ್ಲದ, ಬೆಟ್ಟವಿಲ್ಲದ ಚಪ್ಪಟೆ ನೆಲ ಒಂದು ಕಾರಣ. ಇನ್ನೊಂದು ಕಚೇರಿಗಳ ಅಚ್ಚುಕಟ್ಟು. 1941ರಲ್ಲಿ ಯಹೂದಿಗಳು ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಬಂದಾಗ ಬಹುತೇಕ ಎಲ್ಲರೂ ನೋಂದಾಯಿಸಿದರು. ಅಲ್ಲಿನ ಗುರುತಿನ ಚೀಟಿಯನ್ನು ನಕಲು ಮಾಡುವುದು ಯುರೋಪಿನಲ್ಲೇ ಕಷ್ಟದ ಕೆಲಸ, ಯಹೂದಿಗಳ ಚೀಟಿಯ ಮೇಲೆ ಅದನ್ನು ಸಾರುವ ದೊಡ್ಡ ‘ಜೆ’ ಮುದ್ರೆ ಬೇರೆ. ನಕಲಿ ಚೀಟಿ ಮಾಡಿದರೂ ಕಚೇರಿಯಲ್ಲಿದ್ದ ಮೂಲ ಕಾರ್ಡಿನೊಂದಿಗೆ ತಾಳೆ ನೋಡಿದರೆ ಮುಗಿಯಿತು. ಅದಕ್ಕೇ ಪ್ರತಿರೋಧದವರು 1943ರ ಮಾರ್ಚ್ 27ರಂದು ಆಮ್‌ಸ್ಟರ್‌ಡ್ಯಾಮಿನ ಜನಸಂಖ್ಯಾ ದಾಖಲೆ ಕಚೇರಿಗೆ ಬೆಂಕಿಯಿಟ್ಟರು. ಸುಟ್ಟದ್ದು ಕಾರ್ಡುಗಳ ಒಂದು ಭಾಗ ಮಾತ್ರ. ಹನ್ನೆರಡು ಜನರಿಗೆ ಮರಣದಂಡನೆಯಾಯಿತು.

ಅಡಗಿದವರು 25,000ದಿಂದ 30,000. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಸಿಕ್ಕಿಬಿದ್ದರು. ಹೆನೈಕೆ ತಂಡ ಎಂಬ ಡಚ್ ಗುಂಪು ಯಹೂದಿಗಳನ್ನು ಹಿಡಿದುಕೊಟ್ಟು ತಲೆಗೆ 7.50 ಗಿಲ್ಡರ್ ಇನಾಮು ಪಡೆಯುತ್ತಿತ್ತು. 1943ರಲ್ಲಿ ಕೆಲವೇ ತಿಂಗಳಲ್ಲಿ ಅವರು ಸಾವಿರಾರು ಜನರನ್ನು ಹಿಡಿದರು. ಅಡಗಿಸಿದವರೂ ಡಚ್ಚರು, ಹಿಡಿದುಕೊಟ್ಟವರೂ ಡಚ್ಚರು.

ಕೊನೆಗೆ ಹಿಡಿದುಕೊಟ್ಟವರು ಯಾರು?

ಸಾಬೀತಾಗಿಲ್ಲ. 1944ರ ಆಗಸ್ಟ್ 4ರ ಬೆಳಿಗ್ಗೆ ಆಸ್ಟ್ರಿಯಾದವನಾದ, ನಾಜಿಗಳ ಎಸ್‌ಎಸ್ ಪಡೆಯ ಅಧಿಕಾರಿ ಕಾರ್ಲ್ ಜಿಲ್ಬರ್‌ಬೌವರ್ ಡಚ್ ಪೊಲೀಸರೊಂದಿಗೆ ಬಂದ. ಎಂಟು ಜನರ ಜೊತೆ ಕುಗ್ಲರ್, ಕ್ಲೈಮನ್ ಇಬ್ಬರನ್ನೂ ಒಯ್ದರು. ಗೋದಾಮಿನ ಹೊಸ ಮೇಲ್ವಿಚಾರಕನ ಮೇಲೆ ಯುದ್ಧದ ನಂತರ ಎರಡು ಸಲ ತನಿಖೆ ನಡೆದರೂ ಪುರಾವೆ ಸಿಗಲಿಲ್ಲ. ದೂರೇ ಇಲ್ಲದೆ, ನಕಲಿ ಕೂಪನ್ ವಹಿವಾಟು ಹುಡುಕುತ್ತ ಬಂದವರಿಗೆ ಇವರು ಆಕಸ್ಮಿಕವಾಗಿ ಸಿಕ್ಕಿರಬಹುದೆಂದು 2016ರಲ್ಲಿ ಆನ್ ಫ್ರ್ಯಾಂಕ್ ವಸ್ತುಸಂಗ್ರಹಾಲಯದ ಅಧ್ಯಯನ ಸೂಚಿಸಿತು. 2022ರಲ್ಲಿ ಒಬ್ಬ ಯಹೂದಿ ನೋಟರಿಯ ಕಡೆ ಬೆರಳು ತೋರಿಸಿದ ಪುಸ್ತಕ ಬಂತು. ಇತಿಹಾಸಕಾರರು ಅದನ್ನು ತೀವ್ರವಾಗಿ ಟೀಕಿಸಿದ ಮೇಲೆ ಡಚ್ ಪ್ರಕಾಶಕರು ಹಿಂತೆಗೆದುಕೊಂಡರು. ‘ಕೊನೆಗೂ ಸಿಕ್ಕಿಬಿದ್ದ ದ್ರೋಹಿ’ ಎಂದು ವಾಟ್ಸ್‌ಆ್ಯಪಿನಲ್ಲಿ ಬರುವುದು ಆ ಹಳೆಯ ಸುದ್ದಿಯೇ.

ಆಮೇಲೆ ಅವರಿಗೆ ಏನಾಯಿತು?

ಮೊದಲು ಹಾಲೆಂಡಿನಲ್ಲೇ ಇದ್ದ ವೆಸ್ಟರ್‌ಬೊರ್ಕ್ ಶಿಬಿರಕ್ಕೆ, ಅಲ್ಲಿಂದ 1944ರ ಸೆಪ್ಟೆಂಬರ್ 3ರಂದು ಆಕ್ರಮಿತ ಪೋಲೆಂಡಿನಲ್ಲಿದ್ದ ಸಾವಿನ ಶಿಬಿರ ಔಶ್ವಿಟ್ಜ್‌ಗೆ. ಔಶ್ವಿಟ್ಜ್‌ಗೆ ವೆಸ್ಟರ್‌ಬೊರ್ಕ್‌ನಿಂದ ಹೊರಟ ಕೊನೆಯ ರೈಲು ಅದು. ಹರ್ಮನ್‌ರನ್ನು ಅಲ್ಲಿ ವಿಷಾನಿಲದಿಂದ ಕೊಂದರು. ಫೆಫರ್ 1944ರ ಡಿಸೆಂಬರ್ 20ರಂದು ನಾಯೆನ್‌ಗಾಮೆಯಲ್ಲಿ, ಎಡಿತ್ 1945ರ ಜನವರಿ 6ರಂದು ಔಶ್ವಿಟ್ಜ್‌ನಲ್ಲಿ ತೀರಿಕೊಂಡರು. ಮಾರ್ಗೊ, ಆನ್ ಇಬ್ಬರೂ 1945ರ ಆರಂಭದಲ್ಲಿ, ಬಹುಶಃ ಫೆಬ್ರವರಿಯಲ್ಲಿ, ಬರ್ಗೆನ್-ಬೆಲ್ಸೆನ್‌ನಲ್ಲಿ ಸತ್ತರು. ಔಗುಸ್ಟೆ ಆ ವಸಂತದಲ್ಲಿ ಬೇರೆ ಶಿಬಿರಕ್ಕೆ ಒಯ್ಯುವಾಗ, ಪೀಟರ್ ಮೌಟ್‌ಹೌಸೆನ್‌ನಲ್ಲಿ. ಬದುಕಿ ಬಂದವರು ಒಟ್ಟೊ ಒಬ್ಬರೇ. ಕ್ಲೈಮನ್‌ರನ್ನು ಕಾಯಿಲೆಯ ಕಾರಣಕ್ಕೆ ಸೆಪ್ಟೆಂಬರಿನಲ್ಲೇ ಬಿಟ್ಟರು. ಕುಗ್ಲರ್ 1945ರ ಮಾರ್ಚ್‌ನಲ್ಲಿ ತಪ್ಪಿಸಿಕೊಂಡರು.

ಡೈರಿ ಬಾಲ್‌ಪೆನ್ನಿನಲ್ಲಿ ಬರೆದ ಸುಳ್ಳು ಪುಸ್ತಕ ಅನ್ನುತ್ತಾರಲ್ಲ?

ಬಂಧನದ ದಿನ ಪೊಲೀಸರು ಒಡವೆ ತುಂಬಲು ಚೀಲ ಖಾಲಿ ಮಾಡಿದಾಗ ನೆಲಕ್ಕೆ ಬಿದ್ದ ಹಾಳೆ, ಪುಸ್ತಕಗಳನ್ನು ಮೀಪ್ ಮತ್ತು ಬೆಪ್ ಎತ್ತಿಟ್ಟರು. ಮೀಪ್ ಅದನ್ನು ಓದದೆ ಮೇಜಿನ ಡ್ರಾಯರಿನಲ್ಲಿ ಇಟ್ಟು, ಮಕ್ಕಳು ಸತ್ತ ಸುದ್ದಿ ಬಂದ ಮೇಲೆ ಒಟ್ಟೊ ಕೈಗೆ ಕೊಟ್ಟರು. ಪುಸ್ತಕವಾದದ್ದು 1947ರ ಜೂನ್ 25ರಂದು.

ಬಾಲ್‌ಪೆನ್ ಅಲ್ಲಿ ಬಳಕೆಗೆ ಬಂದದ್ದು ಯುದ್ಧದ ನಂತರ, ಅದಕ್ಕೇ ಈ ಆರೋಪ. ಆ ಮಾತಿಗೆ ಮೂಲ ಎರಡು ಬಿಡಿ ಚೀಟಿಗಳು. ಯುದ್ಧದ ಎಷ್ಟೋ ವರ್ಷದ ಮೇಲೆ ಕೈಬರಹ ಪರೀಕ್ಷಿಸಿದವರು ಬರೆದ ಟಿಪ್ಪಣಿಗಳು ಅವು, ಡೈರಿಯ ಹಾಳೆಗಳಲ್ಲ. ಡಚ್ ಯುದ್ಧ ದಾಖಲಾತಿ ಸಂಸ್ಥೆ ಕಾಗದ, ಶಾಯಿ, ಅಂಟು, ಕೈಬರಹ ಎಲ್ಲವನ್ನೂ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿತು: ಡೈರಿ ಅಸಲಿ. ಡೈರಿಗೆ ಒಂದಕ್ಕಿಂತ ಹೆಚ್ಚು ರೂಪಗಳಿವೆ ಎಂಬುದು ನಿಜ. 1944ರ ಮಾರ್ಚ್ 28ರಂದು ಲಂಡನ್ನಿನ ಡಚ್ ರೇಡಿಯೊದಲ್ಲಿ ಮಂತ್ರಿ ಬೊಲ್ಕೆಸ್ಟೈನ್ ಯುದ್ಧಕಾಲದ ಡೈರಿ, ಪತ್ರಗಳನ್ನು ಉಳಿಸಿಡಿ ಎಂದರು. ಅದನ್ನು ಕೇಳಿದ ಆನ್ ಮೇ ತಿಂಗಳಿಂದ ತನ್ನ ಡೈರಿಯನ್ನು ಬಿಡಿ ಹಾಳೆಗಳಲ್ಲಿ ತಿದ್ದಿ ಬರೆಯತೊಡಗಿದಳು. ಒಟ್ಟೊ ಎರಡನ್ನೂ ಸೇರಿಸಿ, ಕೆಲವು ಭಾಗ ಬಿಟ್ಟು ಅಚ್ಚು ಹಾಕಿಸಿದರು.

ಆ ಮನೆಯನ್ನು ಈಗ ನೋಡಬಹುದೇ?

ನೋಡಬಹುದು, 1960ರ ಮೇ 3ರಿಂದ ಅದು ವಸ್ತುಸಂಗ್ರಹಾಲಯ. ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ. ಪ್ರತಿ ಮಂಗಳವಾರ ಆರು ವಾರ ಮುಂದಿನ ಟಿಕೆಟ್‌ಗಳನ್ನು ಬಿಡುತ್ತಾರೆ, ಬೇಗ ಖಾಲಿಯಾಗುತ್ತವೆ. ಮೆಟ್ಟಿಲುಗಳು ಏಣಿಯಷ್ಟು ಕಡಿದು, ಮಂಡಿನೋವಿನ ಹಿರಿಯರನ್ನು ಕರೆದೊಯ್ಯುವವರು ಮೊದಲೇ ಯೋಚಿಸಿ. ಕೋಣೆಗಳಲ್ಲಿ ಸಾಮಾನಿಲ್ಲ. ಬಂಧನದ ನಂತರ ಎಲ್ಲವನ್ನೂ ಸಾಗಿಸಿದ್ದರು, ಖಾಲಿಯೇ ಇರಲಿ ಎಂದು ಒಟ್ಟೊ ಬಯಸಿದರು. ಗೋಡೆಯಲ್ಲಿ ಆನ್ ಅಂಟಿಸಿದ ಚಿತ್ರಗಳಿವೆ, ಮಿತ್ರಪಡೆಗಳು ಎಲ್ಲಿಯವರೆಗೆ ಬಂದವೆಂದು ಒಟ್ಟೊ ಗುರುತು ಹಾಕುತ್ತಿದ್ದ, ಫ್ರಾನ್ಸಿನ ನಾರ್ಮಂಡಿಯ ನಕ್ಷೆಯಿದೆ. ಅದರ ಹತ್ತಿರ ಹೆತ್ತವರು ಮಕ್ಕಳ ಎತ್ತರ ಅಳೆದು ಎಳೆದ ಪೆನ್ಸಿಲ್ ಗೆರೆಗಳನ್ನು ನೋಡಿ. ಆ ಎರಡು ವರ್ಷದಲ್ಲಿ ಆನ್ 13 ಸೆಂಟಿಮೀಟರಿಗೂ ಹೆಚ್ಚು ಬೆಳೆದಿದ್ದಳು.